ಮರೆವಿನ ಠರಾವು

ಮಗಳು ತೀರಿಕೊಂಡ ವರ್ಷವೇ ಫಕ್ಕೀರೇಶ ಮತ್ತು ಮಂದಾಕಿನಿ ಸುರಗಿನಗರಕ್ಕೆ ಬಂದು ನೆಲೆಸಿದ್ದರು. ಜನರಿಗೆ ಯಾವ ನೆನಪು ಇರಬೇಕು, ಯಾವುದು ಹೋಗಬೇಕು ಎಂಬುದನ್ನು ಅಲ್ಲಿನ ವಾರ್ಡ್ ಸಭೆಗಳೇ ತೀರ್ಮಾನಿಸುತ್ತಿದ್ದವು. "ರಾಜಕೀಯ ಕಟಗೊಂಡು ನಮಗೇನು? ನೀರು, ಗಾಳಿ ಚಲೋ ಅದಾವು" ಎಂದು ಊರು ಆರಿಸಿದವನು ಫಕ್ಕೀರೇಶನೇ. ಮೊದಮೊದಲು ಹಳೆಯ ಜಗಳಗಳು, ಸೋತ ಪಂದ್ಯಗಳಷ್ಟೇ ಅಳಿಸಿಹೋದವು.

ತಂಗಿಯ ಊರಿಗೆ ಹೋಗಿದ್ದ ಮಂದಾಕಿನಿ ಮರಳಿದ ಸಂಜೆ, ಗಂಡ ಶಿಳ್ಳೆ ಹಾಕುತ್ತ ಚಹಾ ಕುದಿಸುತ್ತಿದ್ದ. ಗೋಡೆಯ ಮೇಲಿನ ಫೋಟೊ ತೋರಿಸಿ ಕೇಳಿದ: "ಯಾರ ಹುಡಿಗಿ ಇದು? ನಮ್ಮ ಮನ್ಯಾಗ ಯಾಕೈತಿ?"

ಮಂದಾಕಿನಿ ಕೈಚೀಲವನ್ನು ಅಲ್ಲೇ ಇಟ್ಟಳು. ಪಕ್ಕದ ಮನೆಯ ಶಾವಂತ್ರಕ್ಕನ ಬಳಿ ಓಡಿದಳು.

"ಸತ್ತವರ ನೆನಪು ತಗೀಬೇಕಂತ ನಿನ್ನೆ ಠರಾವು ಪಾಸಾತವ್ವ. ನಿಮ್ಮನಿಯವ್ರೂ ಕೈ ಎತ್ತಿದ್ರು" ಎಂದು ಆಕೆ ನಕ್ಕಳು. "ನೀ ಊರಾಗ ಇರಲಿಲ್ಲಲ್ಲ? ನಾಳೆ ವಾರ್ಡ್ ಆಫೀಸಿಗೆ ಹೋಗು, ನಿಂದೂ ತಗೀತಾರ."

ಮಂದಾಕಿನಿ ಅಲ್ಲಿ ನಿಲ್ಲಲಿಲ್ಲ. ಮನೆಗೆ ಬಂದವಳೇ ಫೋಟೊ ಇಳಿಸಿ, ಎದೆಗೊತ್ತಿಕೊಂಡು ಬಸ್ ನಿಲ್ದಾಣದತ್ತ ನಡೆದಳು. ಏನೂ ತಿಳಿಯದೆ ಫಕ್ಕೀರೇಶ ಹಿಂದೆಯೇ ಓಡಿಬಂದ.

"ಅಳಬ್ಯಾಡ. ಆ ಹುಡಿಗಿ ಹೆಸರರ ಹೇಳು."

"ಚಿನ್ಮಯಿ."

"ಚಂದ ಹೆಸರು. ಯಾರಿಟ್ರು?"

"ನೀವ" ಎಂದು ಮಂದಾಕಿನಿ ಬಸ್ಸು ಹತ್ತಿದಳು.