ಮೊದಲ ಮೀಟರಿನ ಚಿನ್ನ

ಕಡಲತೀರದಲ್ಲಿ ಕೊರೆದ ಒಂಬತ್ತನೆಯ ಗುಂಡಿಯ ಮರಳಿನಲ್ಲೂ ಚಿನ್ನ ಸಿಕ್ಕಿತು. ಸೌದಾಮಿನಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಕಪ್ಪು ಇಲ್ಮನೈಟು, ಜೇನುಬಣ್ಣದ ಮೊನಜೈಟು, ನೀರಹನಿಯಂಥ ಜಿರ್ಕಾನು. ಎಲ್ಲವೂ ಕಡಲು ಸಾವಿರಾರು ವರ್ಷ ಉಜ್ಜಿ ಉರುಟು ಮಾಡಿದ ಖನಿಜದ ಕಾಳುಗಳು. ಅವುಗಳ ನಡುವೆ, ದಾರಿ ತಪ್ಪಿ ಬಂದ ನೆಂಟನಂತೆ, ಒಂದು ಹಳದಿ ಚೂರು.

"ಇದರಲ್ಲೂ ಮೊದಲನೇ ಮೀಟರಲ್ಲೇ" ಎಂದಳು.

"ಒಳ್ಳೇದೇ ಆಯ್ತಲ್ಲ ಚೇಚೀ, ಆಳ ಅಗೆಯೋದೇ ಬೇಡ" ಎಂದು ಪಕ್ಕದ ಮೇಜಿನ ಅಪರ್ಣಾ ನಕ್ಕಳು. ರಾಕೆಟ್ ಹಾರಿಸುವ ತುಂಬಾ ಎಂಬ ಊರಿನಲ್ಲಿ ವಿಜ್ಞಾನಿಯ ಮಗಳಾಗಿ ಬೆಳೆದವಳು; ಸೌದಾಮಿನಿಯನ್ನು ಮಲಯಾಳದಲ್ಲೇ ಅಕ್ಕ ಎಂದು ಕರೆಯುವವಳು. ತಿರುವನಂತಪುರದ ಈ ಪ್ರಯೋಗಾಲಯಕ್ಕೆ ಬಂದು ಆರು ವರ್ಷ. "ನಮ್ಮ ಕಡಲು ಒಡವೆ ಹಾಕ್ಕೊಂಡು ಕೂತಿದೆ. ಡೈರೆಕ್ಟರ್ ಎರ್ನಾಕುಲಂನಿಂದ ಹೊರಟಾಯ್ತು. ನಾಲ್ಕು ಗಂಟೆಗೆ ಇಲ್ಲಿರ್ತಾರೆ."

"ಅಷ್ಟು ಬೇಗ ಯಾಕೆ ಫೋನ್ ಮಾಡ್ದೆ ಮಾರಾಯ್ತೀ?"

"ಎಂಟು ಗುಂಡೀಲಿ ಚಿನ್ನ ಸಿಕ್ಕಿದ್ಮೇಲೆ ಎಷ್ಟು ಅಂತ ಬಾಯಿ ಮುಚ್ಕೊಂಡಿರ್ಲಿ?"

ಸೌದಾಮಿನಿಗೆ ಏನೂ ತಿಳಿಯದಾಯಿತು. ಚಿನ್ನವೆಂದರೆ ಭಾರದ ವಸ್ತು. ಅಲೆ ಕಲಕಿದಷ್ಟೂ ಅದು ಕೆಳಗಿಳಿಯಬೇಕು. ಇಲ್ಲಿ ಹಗುರದ ಮರಳೆಲ್ಲ ಕೆಳಗೆ, ಚಿನ್ನ ಮೇಲೆ. ಒಂದೊಂದು ಗುಂಡಿಯಲ್ಲೂ ಒಂದೇ ಚಿಟಿಕೆ. ಎರಡನೆಯ ಮೀಟರಿನಿಂದಾಚೆ ಹುಡುಕಿದರೂ ಇಲ್ಲ. ಜೊತೆಗೆ ಪ್ರತಿ ಸಲವೂ ಕೆಂಪು ಹವಳದ ಪುಡಿ. ಹವಳ ಕಡಲಿನದೇ ಇರಬಹುದು. ಆದರೆ ಹವಳ ಮತ್ತು ಚಿನ್ನ ಹೀಗೆ ಕೈಕೈ ಹಿಡಿದು ಬರುವುದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ದೇವರು ಬಿತ್ತುತ್ತಾನೆ, ನಿಜ. ಆದರೆ ಇಷ್ಟು ಅಳತೆ ಹಿಡಿದು ಬಿತ್ತುವವನಲ್ಲ. ಮಸೂರವನ್ನು ಇನ್ನಷ್ಟು ತಿರುಗಿಸಿದಳು. ಚೂರಿನ ಒಂದು ಮಗ್ಗುಲಲ್ಲಿ ಒತ್ತೊತ್ತಾಗಿ ಗೀರುಗಳಿದ್ದವು. ಅರದ ಗೀರುಗಳು.

ಹತ್ತನೆಯ ಗುಂಡಿಯ ಮರಳಿನ ಚೀಲಗಳನ್ನು ತಂದಿಟ್ಟು, ಜಗಲಿಯಲ್ಲಿ ಚಾಯ ಕುಡಿಯುತ್ತಿದ್ದ ಶಂಭುವನ್ನು ಒಳಗೆ ಕರೆದಳು. ಕಾಸರಗೋಡಿನವನು. ಮೂವತ್ತು ವರ್ಷದಿಂದ ಭೂಮಿ ಕೊರೆಯುವುದೇ ಕಸುಬು.

"ಶಂಭು ಅವರೇ, ಕೊರೆಯೋ ಮುಂಚೆ ಆ ಜಾಗಕ್ಕೆ ಏನಾದ್ರೂ ಹಾಕ್ತೀರಾ?"

"ಹಾಕದೆ ಮತ್ತೆ? ಒಂದು ಚಿಟಿಕೆ ಹೊನ್ನು, ಒಂದು ಚಿಟಿಕೆ ಹವಳ. ಬರಿಗೈಯಲ್ಲಿ ಕೊರೆಯಲಿಕ್ಕುಂಟಾ ಮೇಡಂ?"

ಅಪರ್ಣಾ ತನ್ನ ಮೇಜು ಬಿಟ್ಟು ಎದ್ದು ಬಂದಳು. "ಎಂಡೆ ದೈವಮೇ! ಅಂಕಲ್, ಸ್ಯಾಂಪಲ್ ಒಳಗೆ ಚಿನ್ನ ಹಾಕಿದ್ರಾ?"

"ಸ್ಯಾಂಪಲಿಗೆ ಯಾರು ಹಾಕಿದ್ದು? ನಾನು ಭೂಮಿಗೆ ಹಾಕಿದ್ದು. ಅದನ್ನು ಬಾಚಿ ತಂದದ್ದು ನಿಮ್ಮ ಯಂತ್ರ" ಎಂದು ಶಂಭು ಶಾಂತವಾಗಿ ಹೇಳಿದ. "ನಮ್ಮ ಕಡೆ ಕೆಂಪುಕಲ್ಲು ಕೊರೆಯುವಾಗ ಮೇಲಿನ ಮಣ್ಣು ಯಾರಿಗೂ ಬೇಡ, ಎಸೆದುಬಿಡ್ತಿದ್ರು. ಮೊದಲ ಹಿಡಿಯಿಂದಲೇ ಜರಡಿ ಹಿಡಿದವರು ನೀವೊಬ್ರೇ." ಸೊಂಟದಿಂದ ಸಣ್ಣದೊಂದು ಹಿತ್ತಾಳೆ ಡಬ್ಬಿ ತೆಗೆದ. "ಮಗುವಿನ ಕಿವಿ ಚುಚ್ಚಿದ ಕೂಡಲೇ ಚಿನ್ನದ ತಂತಿ ಹಾಕುದಿಲ್ಲವಾ? ಗಾಯ ಹುಣ್ಣಾಗಬಾರದೂಂತ. ಭೂಮಿಯನ್ನು ಚುಚ್ಚುವಾಗಲೂ ಹಾಗೆಯೇ. ಮನೆಯವಳು ತನ್ನ ಹಳೇ ಮೂಗುಬೊಟ್ಟು ಕೊಟ್ಟಿದ್ದಾಳೆ. ಅರದಲ್ಲಿ ಉಜ್ಜಿ ಉಜ್ಜಿ ಹಾಕ್ತೇನೆ. ಇನ್ನು ಉಳಿದ ಹತ್ತು ಗುಂಡಿಗೂ ಸಾಕು."

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

"ಇದನ್ನ ಬರೆದರೆ ನಿಮ್ಮನ್ನ ಇನ್ನೆಲ್ಲೂ ಕೊರೆಯೋಕೆ ಬಿಡಲ್ಲ" ಎಂದಳು ಸೌದಾಮಿನಿ. "ಸ್ಯಾಂಪಲ್ಲಿಗೆ ಲೋಹ ಬೆರೆಸಿದವರ ಹೆಸರು ಎಲ್ಲಾ ಕಡೆ ಹೋಗುತ್ತೆ."

"ಬರೆಯದಿದ್ದರೆ?"

"ಈ ತೀರದಲ್ಲಿ ಚಿನ್ನ ಇದೆ ಅಂತಾಗುತ್ತೆ."

"ಇಲ್ಲದ್ದನ್ನು ಉಂಟು ಅಂದರೆ ಆ ಭೂಮಿತಾಯಿ ಮೆಚ್ಚುತ್ತಾಳಾ? ಬರೀರಿ ಮೇಡಂ. ನನ್ನ ಹೆಸರೇ ಬರೀರಿ." ಹೇಳುತ್ತಲೇ ಡಬ್ಬಿಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡ.

"ಉಳಿದ ಗುಂಡಿಗಳಿಗೆ ಹಾಕಲ್ಲ ಅಂತ ಒಂದು ಮಾತು ಕೊಡಿ. ಡೈರೆಕ್ಟರ್ ಸಾಹೇಬರ ಕಾಲು ಹಿಡಿದಾದರೂ ನಿಮ್ಮನ್ನ ಉಳಿಸ್ಕೊಳ್ತೀನಿ."

ಶಂಭು ಬಗ್ಗಿ ಒಂದು ಕೈಯನ್ನು ನೆಲಕ್ಕೆ ಮುಟ್ಟಿಸಿದ. ಆ ನೆಲದೊಡನೆಯೇ ಏನೋ ಕೇಳಿಕೊಳ್ಳುತ್ತಿದ್ದಾನೆಂದು ತೋರಿತು. ಕೊನೆಗೆ, "ಅದೊಂದು ಆಗಲಿಕ್ಕಿಲ್ಲ" ಎಂದ.

ಸೌದಾಮಿನಿ ಸ್ಯಾಂಪಲ್ ಕಲಬೆರಕೆಯ ವರದಿಯ ಅಚ್ಚಾದ ಹಾಳೆ ಎಳೆದುಕೊಂಡಳು. ಬೆರೆತ ವಸ್ತು: ಚಿನ್ನ, ಹವಳ. ಬೆರೆಸಿದವರು: ಶಂಭು. ಆಮೇಲೆ ಕಾರಣ. ಅದರ ಮುಂದೆ ಅಚ್ಚಾದ ಎರಡು ಚೌಕಗಳಿದ್ದವು: ವಂಚನೆ, ಅಜಾಗರೂಕತೆ. ಲೇಖನಿ ಮೊದಲನೆಯದರ ಮೇಲೆ ನಿಂತಿತು, ಎರಡನೆಯದಕ್ಕೆ ಸರಿಯಿತು, ಹಿಂದಕ್ಕೆ ಬಂತು. ಇಷ್ಟು ಜಾಗರೂಕನಾದ ಮನುಷ್ಯನನ್ನು ಅವಳು ಕಂಡಿರಲಿಲ್ಲ.

ಹೊರಗೆ ಕಾರಿನ ಬಾಗಿಲು ಬಡಿಯಿತು. "ಚೇಚೀ, ಖಾಲಿ ಬಿಟ್ಬಿಡಿ" ಎಂದು ಅಪರ್ಣಾ ಪಿಸುಗುಟ್ಟಿದಳು.

"ಖಾಲಿ ಬಿಡಬೇಡಿ" ಎಂದ ಶಂಭು.

ಸೌದಾಮಿನಿ ಆ ಎರಡರ ಕೆಳಗೆ ತಾನೇ ಮೂರನೆಯದೊಂದು ಚೌಕ ಎಳೆದು ಅದರೊಳಗೆ ಗುರುತು ಹಾಕಿದಳು. ನಿರ್ದೇಶಕರ ಬೂಟಿನ ಸದ್ದು ಮೆಟ್ಟಿಲೇರಿ ಬಾಗಿಲ ತನಕ ಬಂದರೂ, ಆ ಚೌಕದ ಮುಂದೆ ಬರೆಯಬೇಕಾದ ಪದ ಅವಳಿಗೆ ಸಿಕ್ಕಿರಲಿಲ್ಲ.