ಅಜ್ಜಿ ಒರಗುವ ಗೋಡೆ

ಗುಬ್ಬಿ ಕರಣೆಯಿಂದ ಎಸೆದ ಗಾರೆ ಗೋಡೆಗೆ ಬಡಿದು, ಇರಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ, ಪಚಕ್ಕೆಂದು ಅವಳ ಕಾಲ್ಬೆರಳ ಮೇಲೇ ಬಿತ್ತು.

"ಗೋಡೆಗೆ ನಿನ್ನ ಕಂಡ್ರೆ ಆಗಲ್ಲ ಕಣೇ," ಎಂದ ಮೇಸ್ತ್ರಿ ಮಾವ, ಕದವಿನ್ನೂ ಕೂರಿಸದ ಬಾಗಿಲಲ್ಲಿ ನಿಂತು. "ತೋಳು ಬೀಸಬೇಡ, ಮಣಿಕಟ್ಟು ತಿರುಗಿಸು ಅಂತ ಎಷ್ಟು ಸಲ ಬಡ್ಕೊಳ್ಲಿ? ಈ ಮನೆ ಮುಗಿಯೋದ್ರೊಳಗೆ ಕೈ ಕುದುರದಿದ್ರೆ ಕರಣೆ ವಾಪಸ್ ಕೊಟ್ಬಿಡು. ಮತ್ತೆ ಬಾಣಲೆ ಹೊರೋದೇ ನಿನ್ನ ಪಾಲಿಗೆ."

ಇಷ್ಟು ಹೇಳಿ ಅವನು ಮಹಡಿ ಹತ್ತಿದ. ತಲೆಯ ಮೇಲೆ ಗಾರೆ ಹೊತ್ತು ಹೊತ್ತು ಕುತ್ತಿಗೆ ಸವೆಸಿಕೊಂಡಿದ್ದ ಈ ಸೋದರಸೊಸೆ ಹಟ ಹಿಡಿದದ್ದಕ್ಕೆ, ಕಲಿಯಲೆಂದು ಅವನು ಕೊಟ್ಟದ್ದು ಹಿಂದಿನ ಕೋಣೆಯ ಈ ಒಂದು ಗೋಡೆ, ಮತ್ತು ಕೆಲಸ ಮುಗಿದ ಮೇಲೆ ಉಳಿದ ಗಾರೆ. ಹೊತ್ತು ಮುಳುಗುತ್ತಲೇ ಹಲಗೆ ಹಿಡಿದು ಬಂದು, ಗಟ್ಟಿಯಾಗುವ ಮೊದಲೇ ಎಲ್ಲವನ್ನೂ ಕರಕರ ಕೆರೆದುಬಿಡುತ್ತಿದ್ದ. ಮಹಡಿಯ ಗೋಡೆಗಳಿಗೆ ಬಿರುಕು ಬಿಡದಿರಲೆಂದು ದಿನಾ ನೀರುಣಿಸುವ ಉಪಚಾರ. ಇವಳ ಗೋಡೆಗೆ ಒಂದು ಹನಿಯ ಯೋಗವೂ ಇರಲಿಲ್ಲ. ಹಗಲು ಕಟ್ಟಿದ ಕೋಟೆಯನ್ನು ಸಂಜೆ ಬಂದು ಕೆಡವುವ ರಾಕ್ಷಸನ ಕಥೆಯನ್ನು ಅವಳಜ್ಜಿ ಹೇಳುತ್ತಿದ್ದಳು. ಆ ರಾಕ್ಷಸ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾನೆಂದು ಮಾತ್ರ ಹೇಳಿರಲಿಲ್ಲ. ಹೇಗೂ ಕೆರೆದು ಹೋಗುವ ಗೋಡೆ ತಾನೇ? ಕೈ ಎಸೆಯುತ್ತಿತ್ತು, ಮನಸ್ಸು ಇನ್ನೆಲ್ಲೋ ಅಲೆಯುತ್ತಿತ್ತು.

"ನನ್ನ ಗೋಡೆ ಮಾಡ್ತಿರೋಳು ನೀನೇ ಏನಮ್ಮ?"

ಗುಬ್ಬಿ ತಿರುಗಿ ನೋಡಿದಳು. ಮನೆ ಕಟ್ಟಿಸುವವರ ತಾಯಿ, ಕೋಲೂರಿಕೊಂಡು ಒಳಗೆ ಬರುತ್ತಿದ್ದರು.

"ನನ್ನ ಕೋಣೆ ಇದು. ಮಗ ಸೊಸೆಗೆ ಕಿಟಕಿ ಚಿಂತೆ, ನೆಲದ ಚಿಂತೆ. ನಂಗೆ ಬೆನ್ನಿನ ಚಿಂತೆ. ಮಲಗಿದ್ರೆ ಉಸಿರು ಕಟ್ಟುತ್ತೆ ನೋಡು, ಬೆಳಗಾಗೋ ತನಕ ಒರಗಿ ಕೂತೇ ಇರ್ತೀನಿ. ಮಂಚ ಈ ಗೋಡೆಗೇ ತಾಗಿಸಿ ಹಾಕ್ಸೋದು." ಅಜ್ಜಿ ತಿರುಗಿ ತಮ್ಮ ಗೂನುಬೆನ್ನನ್ನು ಬೋಳು ಇಟ್ಟಿಗೆಗೆ ಆನಿಸಿಯೇ ತೋರಿಸಿದರು. "ಇಕೋ, ಇಲ್ಲಿಗೆ ಬರುತ್ತೆ. ಚುಚ್ಚದ ಹಾಗೆ ಮಾಡು ತಾಯಿ."

ಇದು ಕಲಿಯೋ ಗೋಡೆ ಅಜ್ಜಿ, ಸಂಜೆಗೆ ಇರಲ್ಲ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಗುಬ್ಬಿ ಅದನ್ನು ನುಂಗಿಕೊಂಡಳು. "ಆಯ್ತಜ್ಜಿ," ಎಂದುಬಿಟ್ಟಳು.

ಅಜ್ಜಿ ಹೋದ ಮೇಲೆ ಬಾಣಲೆಯತ್ತ ನೋಡಿದಳು. ಉಳಿದ ಗಾರೆ ತಂಗಳು ಹಿಟ್ಟಿನಂತೆ ಕಳೆಗೆಟ್ಟು ಕೂತಿತ್ತು. ಅದನ್ನು ಕಾಲಿನಿಂದ ಅತ್ತ ತಳ್ಳಿ, ಮಾವನನ್ನು ಕೇಳದೆ ಸಿಮೆಂಟ್ ಮೂಟೆ ಬಿಚ್ಚಿ ಹೊಸದಾಗಿ ಕಲಸಿದಳು. ಎಸೆದಳು. ಜಾರಿತು. ಇನ್ನಷ್ಟು ಹತ್ತಿರ ನಿಂತು ಮತ್ತೆ ಎಸೆದಳು. ತೋಳೂ ನೆನಪಿರಲಿಲ್ಲ, ಮಣಿಕಟ್ಟೂ ನೆನಪಿರಲಿಲ್ಲ. ಕಣ್ಣ ಮುಂದಿದ್ದದ್ದು ಒಂದು ಗೂನುಬೆನ್ನು ಮಾತ್ರ. ಚಪ್! ಅದುವರೆಗೆ ಮಾವನ ಕೈಯಿಂದ ಮಾತ್ರ ಕೇಳಿದ್ದ ಸದ್ದು. ಗಾರೆ ತವರಿಗೆ ಬಂದ ಮಗಳಂತೆ ಗೋಡೆಯನ್ನು ಅಪ್ಪಿಕೊಂಡಿತು. ಅದರ ಪಕ್ಕಕ್ಕೆ ಇನ್ನೊಂದು, ಮಗದೊಂದು. ಪಟ್ಟಿ ಎಳೆದು ಸಮ ಮಾಡಿ, ಮರದ ಹಲಗೆಯಿಂದ ಉಜ್ಜಿ, ಹಸಿ ಗೋಡೆಯ ಹತ್ತಿರಕ್ಕೆ ಮುಖ ಒಯ್ದು, ಮಗುವಿನ ತಲೆಯಿಂದ ಹೇನು ಹೆಕ್ಕುವ ಹಾಗೆ ಒಂದೊಂದೇ ಮರಳಿನ ಹರಳು ಹೆಕ್ಕಿದಳು.

ಹೊತ್ತು ಮುಳುಗಿತು. ಮೆಟ್ಟಿಲ ಮೇಲೆ ಮಾವನ ಚಪ್ಪಲಿ ಸದ್ದು. ಕೈಯಲ್ಲಿ ಅದೇ ಕೆರೆಯುವ ಹಲಗೆ. ನಿಂತು ನೋಡುವ ಧೈರ್ಯ ಅವಳಿಗೆ ಸಾಲಲಿಲ್ಲ. ಕರಣೆಯನ್ನೂ ತೊಳೆಯದೆ, "ಬಸ್ಸಿಗೆ ಹೊತ್ತಾಯ್ತು ಮಾವ!" ಎಂದು ಕೂಗಿ ಓಡಿದಳು.

ಬೆಳಿಗ್ಗೆ ಬಂದವಳು ಅರೆಗಣ್ಣು ಮುಚ್ಚಿಕೊಂಡೇ ಕೋಣೆಗೆ ಕಾಲಿಟ್ಟಳು.

"ಬಂದ್ಯಾ ಸಿಮೆಂಟ್ ಕಳ್ಳಿ?" ಮಾವ ಅವಳಿಗೆ ಬೆನ್ನು ಹಾಕಿ ನಿಂತಿದ್ದ. "ಕರಣೆ ಯಾರು ತೊಳೀಬೇಕು, ನಿಮ್ಮಪ್ಪನಾ? ಬಲಗಡೆ ಮೂಲೇಲಿ ಗೋಡೆಗೆ ಹೊಟ್ಟೆ ಬಂದಿದೆ. ಇರ್ಲಿ, ಅಲ್ಲಿ ಅಜ್ಜಿ ದಿಂಬು ಇಟ್ಕೊಳ್ಳಲಿ. ನಿನ್ನೆ ಗೇಟಿನ ಹತ್ರ ನಂಗೆ ಹೇಳೇ ಹೋಗಿದಾರೆ, ಚುಚ್ಚಿದ್ರೆ ನನ್ನ ಕಿವಿ ಹಿಂಡ್ತಾರಂತೆ."

ಗುಬ್ಬಿ ಪೂರ್ತಿ ಕಣ್ಣು ಬಿಟ್ಟಳು. ರಾಕ್ಷಸ ಬಕೆಟ್ಟಿನಿಂದ ಮೊಗೆ ಮೊಗೆದು ಗೋಡೆಗೆ ನೀರು ಚಿಮುಕಿಸುತ್ತಿದ್ದ. ಬಾಯಾರಿದ ಗೋಡೆ ಸೊರ್ರೆಂದು ಹೀರಿ, ಕಪ್ಪಾಗಿ, ಮತ್ತಷ್ಟು ಕೇಳುತ್ತಿತ್ತು.