ಅಮೆಯ ಕೈ

ಇಗರ್ಜಿಯ ಬಾಗಿಲಲ್ಲಿ ಇಟ್ಟಿರುವ ಆಶೀರ್ವಾದದ ನೀರಿಗೆ ಬೆರಳು ಅದ್ದಿದರೆ ಇಂದಿಗೂ ನನಗೆ ಬಂಟ್ವಾಳದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಹೆತ್ತಿದ್ದಳು. ತಂಗಿಗೆ ಅಳುವ ಶಕ್ತಿಯಿರಲಿಲ್ಲ, ಬೆಕ್ಕಿನ ಮರಿಯಂತೆ ನರಳುತ್ತಿದ್ದಳು. ಜ್ಞಾನಸ್ನಾನ ಮಾಡಿಸಲು ಪಾದ್ರಿಗಳನ್ನು ಕರೆತರಲೆಂದು ಅಪ್ಪ ಹೊಳೆಯ ಕಡವು ದಾಟಿ ಹೋಗಿದ್ದ.

"ದೇವರ ಪೀಠದಲ್ಲಿ ಆಶೀರ್ವಾದದ ನೀರಿನ ಬಾಟಲಿ ಉಂಟಲ್ಲ, ಅದನ್ನಾದರೂ ತನ್ನಿ," ಎಂದಳು ಅಮ್ಮ.

"ಬೇಡ ಮಗಾ," ಎಂದಳು ಅಜ್ಜಿ. "ನಮಗೆಲ್ಲ ಹೆರಿಗೆಯ ಅಮೆ ಉಂಟು. ಮೈಲಿಗೆ ಕೈಯಲ್ಲಿ ಅದನ್ನು ಮುಟ್ಟಬಾರದು. ಪಾದ್ರಿಗಳು ಬರಲಿ."

ಹೇಳಿ, ಜಪಸರ ಹಿಡಿದು ಕೂತಳು.

ಪಾದ್ರಿಗಳು ಬೆವರುತ್ತಾ ಬಂದಾಗ ಮಗು ತಣ್ಣಗಾಗಿತ್ತು.

"ಜೀವ ಹೋಗುವಾಗ ಎಂಥ ಅಮೆ? ದೇವರ ಹೆಸರು ಹೇಳಿ ಯಾರು ಬೇಕಾದರೂ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದಿತ್ತು. ಬಾವಿಯ ನೀರಾದರೂ ಸಾಕಿತ್ತು," ಎಂದರು.

ನಮ್ಮ ಬಾವಿ ಅಂಗಳದಲ್ಲೇ ಇತ್ತು.

ಜ್ಞಾನಸ್ನಾನವಾಗದ ಮಗುವಿಗೆ ಇಗರ್ಜಿಯ ಸಮಾಧಿ ಭೂಮಿಯಲ್ಲಿ ಜಾಗವಿಲ್ಲ, ಅದು ನಿಯಮ ಎಂದರು. ಅಪ್ಪ ಅವಳನ್ನು ಅಡಿಕೆ ಹಾಳೆಯಲ್ಲಿ ಮಲಗಿಸಿಕೊಂಡು ಹೋಗಿ, ಸಮಾಧಿ ಭೂಮಿಯ ಗೋಡೆಯ ಹೊರಗೆ ಗೇರುಮರದ ಬುಡದಲ್ಲಿ ಗುಂಡಿ ತೋಡಿದ.

ಸಂಜೆ ಅಜ್ಜಿ ಮೊಂಬತ್ತಿ ಹಚ್ಚಿ, "ಪ್ರಾರ್ಥನೆ ಬಿಡುವುದುಂಟಾ?" ಎಂದಳು. ಅಪ್ಪ ಎದ್ದು ಹೊರಗೆ ಹೋದ. ಒಳಕೋಣೆಯಿಂದ ಅಮ್ಮನ ದನಿ ಮಾತ್ರ ಪ್ರತಿ ಮಣಿಗೂ ತಪ್ಪದೆ ಉತ್ತರ ಕೊಟ್ಟಿತು.

ಬಾಣಂತನ ಮುಗಿದ ಮೇಲೆ ಅಮ್ಮ ಒಂದು ಭಾನುವಾರವೂ ಪೂಜೆ ತಪ್ಪಿಸಲಿಲ್ಲ. ಇಗರ್ಜಿಯಿಂದ ಹೊರಡುವಾಗ ಬಾಗಿಲ ನೀರಿಗೆ ಕೈ ಅದ್ದುತ್ತಿದ್ದಳು, ಆದರೆ ತನ್ನ ಹಣೆಗೆ ಮುಟ್ಟಿಸುತ್ತಿರಲಿಲ್ಲ. ಒದ್ದೆ ಕೈಯನ್ನು ಹಾಗೆಯೇ ಹಿಡಿದುಕೊಂಡು ಹೋಗಿ ಗೋಡೆಯ ಆಚೆಗೆ ಕೊಡವುತ್ತಿದ್ದಳು. ಬೇಸಗೆಯಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೈ ಒಣಗಿರುತ್ತಿತ್ತು. ಆದರೂ ಕೊಡವುತ್ತಿದ್ದಳು.